ಎರಡು ಸೀಡಮ್ ಕುಂಡ: ಒಂದು ಸೊರಗುತ್ತಿದೆ, ಒಂದು ಕೊಳೆಯುತ್ತಿದೆ. ಮರುಭೂಮಿ ಗಿಡಕ್ಕೆ ನೀರು ಹಾಕುವುದು ಹೇಗೆ?

ತೊಟ್ಟೆಲೆ ಕೇಳಿದ್ದು:

ದಪ್ಪ ಎಲೆಯಲ್ಲಿ ನೀರು ಕೂಡಿಡುವ ಸೀಡಮ್ ಗಿಡ ಎರಡು ಜಾತಿಯವು ಇವೆ. ಒಂದು ಸೀಡಮ್ ಮೋರ್ಗೇನಿಯಾನಮ್, ಜಡೆಯ ಹಾಗೆ ಇಳಿಬೀಳುವಂಥದ್ದು. ಇನ್ನೊಂದು ಸೀಡಮ್ ಆಲ್ಬಮ್, ನೆಲಕ್ಕಂಟಿ ಹರಡುವ ಸಣ್ಣೆಲೆಯದು. ಎರಡಕ್ಕೂ ಒಂದೇ ಮಿಶ್ರಣ: ಮುಕ್ಕಾಲು ಪಾಲು ಸಣ್ಣ ಮರಳು, ಕಾಲು ಪಾಲು ಎರೆಗೊಬ್ಬರ. ಎರಡಕ್ಕೂ ದಿನ ಬಿಟ್ಟು ದಿನ ಎರಡು ದೊಡ್ಡ ಚಮಚ ನೀರು, ಅಂದರೆ ಸುಮಾರು 30 ಮಿ.ಲೀ.

ಮೋರ್ಗೇನಿಯಾನಮ್ ಇರುವುದು 10 ಸೆಂ.ಮೀ. ಅಗಲ, 15 ಸೆಂ.ಮೀ. ಆಳದ ಪ್ಲಾಸ್ಟಿಕ್ ಕುಂಡದಲ್ಲಿ, ಮನೆಯೊಳಗೆ, ಕಿಟಕಿಯಿಂದ ಒಂದು ಮೀಟರ್ ಈಚೆ. ಬುಡ ಕಪ್ಪಾಗಿದೆ. ಕೆಳಗಿನ ಎಲೆಗಳು ನೀರು ತುಂಬಿಕೊಂಡು ಪಾರದರ್ಶಕವಾಗಿ ಉದುರುತ್ತಿವೆ.

ಆಲ್ಬಮ್ ಇರುವುದು 25 ಸೆಂ.ಮೀ. ಅಗಲ, 7 ಸೆಂ.ಮೀ. ಆಳದ ಮಣ್ಣಿನ ತಟ್ಟೆಕುಂಡದಲ್ಲಿ, ಪೂರ್ತಿ ಬಿಸಿಲಲ್ಲಿ. ಎಲೆ ಸುಕ್ಕುಗಟ್ಟಿವೆ, ಹೊಸ ಚಿಗುರೇ ಇಲ್ಲ.

ಒಂದೇ ಉಪಚಾರಕ್ಕೆ ಎರಡು ತದ್ವಿರುದ್ಧ ಫಲ ಹೇಗೆ? ಮರುಭೂಮಿಯಲ್ಲಿ ವರ್ಷಕ್ಕೆ ನಾಲ್ಕು ಮಳೆ ಬಿದ್ದರೆ ಬದುಕುವ ಗಿಡಗಳಿಗೆ ಕುಂಡದಲ್ಲಿ ಯಾಕಿಷ್ಟು ರಗಳೆ?

---

ಬೇರುಗಣ್ಣು:

ಮೊದಲು ಲೆಕ್ಕ ಮಾಡಿ. 30 ಮಿ.ಲೀ. ನೀರು 10 ಸೆಂ.ಮೀ. ಅಗಲದ ಕುಂಡದ ಮೇಲೆ ಬಿದ್ದರೆ ಹೆಚ್ಚುಕಡಿಮೆ 4 ಮಿ.ಮೀ. ಮಳೆ. ಅಷ್ಟೇ ನೀರು 25 ಸೆಂ.ಮೀ. ಅಗಲದ ತಟ್ಟೆಯ ಮೇಲೆ 0.6 ಮಿ.ಮೀ. ಚಮಚ ಒಂದೇ ಆದರೂ ಉಪಚಾರ ಆರು ಪಟ್ಟು ಬೇರೆ. ಅದರ ಮೇಲೆ ಒಂದು ಪ್ಲಾಸ್ಟಿಕ್, ನೆರಳು, ಗಾಳಿ ಕಮ್ಮಿ. ಇನ್ನೊಂದು ಗೋಡೆಯಿಂದಲೂ ಆವಿಯಾಗುವ ಮಣ್ಣಿನ ಕುಂಡ, ಬಿಸಿಲು. ಆಲ್ಬಮ್‌ನ ಮೇಲ್ಪದರ ಅರ್ಧ ಸೆಂಟಿಮೀಟರ್ ನೆನೆದು ಮಧ್ಯಾಹ್ನಕ್ಕೆ ಒಣಗಿಹೋಗುತ್ತಿದೆ. ಬೇರಿರುವ ಕಡೆ ನೀರು ಇಳಿಯುತ್ತಲೇ ಇಲ್ಲ. ಮೋರ್ಗೇನಿಯಾನಮ್‌ನಲ್ಲಿ ಗಿಡ ಕುಡಿಯುವುದಕ್ಕಿಂತ ಬೀಳುವುದು ಜಾಸ್ತಿ, ಉಳಿದದ್ದು ತಳದಲ್ಲಿ ಸೇರುತ್ತಿದೆ.

ಎರಡನೆಯ ತೊಂದರೆ ಸಣ್ಣ ಮರಳು. ಮರಳೆಂದರೆ ನೀರು ಬಸಿಯುತ್ತದೆ ಎಂಬುದು ಅರ್ಧ ಸತ್ಯ. ಯಾವ ಕುಂಡಕ್ಕೆ ಎಷ್ಟೇ ನೀರು ಹಾಕಿ ಬಸಿಯಲು ಬಿಟ್ಟರೂ ತಳದಲ್ಲಿ ಒಂದು ಪದರ ಪೂರ್ತಿ ನೆನೆದೇ ಉಳಿಯುತ್ತದೆ. ಆ ಪದರದ ಎತ್ತರವನ್ನು ನಿರ್ಧರಿಸುವುದು ಕಣದ ಗಾತ್ರ, ಕುಂಡದ ಎತ್ತರ ಅಲ್ಲ. ಕಣ ಸಣ್ಣದಾದಷ್ಟೂ ನೀರು ಮೇಲಕ್ಕೆ ಹಿಡಿದು ನಿಲ್ಲುತ್ತದೆ. ಎರೆಗೊಬ್ಬರದ ಪುಡಿ ಮರಳಿನ ಸಂದುಗಳಿಗೆ ತುಂಬಿಕೊಂಡರೆ ಗಾಳಿಗೆ ಜಾಗವೇ ಇಲ್ಲ. ತಳಕ್ಕೆ ಜಲ್ಲಿ ಹಾಸುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ, ಕೇಳಬೇಡಿ. ಜಲ್ಲಿ ಹಾಸಿದರೆ ಆ ನೆನೆದ ಪದರ ಜಲ್ಲಿಯ ಮೇಲೆ ಕೂರುತ್ತದೆ, ಅಂದರೆ ಬೇರಿಗೆ ಇನ್ನೂ ಹತ್ತಿರ.

ಮಿಶ್ರಣ: ಪ್ಯೂಮಿಸ್ (ಹಗುರ ಜ್ವಾಲಾಮುಖಿ ಕಲ್ಲು), ಪರ್ಲೈಟ್ (ಕಾಸಿ ಉಬ್ಬಿಸಿದ ಬಿಳಿ ಖನಿಜ ಚೂರು), ಇಟ್ಟಿಗೆ ಚೂರು ಅಥವಾ ದಪ್ಪ ಮರಳು, ಯಾವುದಾದರೂ ಸರಿ, ಕಣ 3ರಿಂದ 6 ಮಿ.ಮೀ. ಇರಲಿ. 2 ಮಿ.ಮೀ. ಜರಡಿಯಲ್ಲಿ ಜಾಲಿಸಿ ಕೆಳಗೆ ಬಿದ್ದ ಪುಡಿಯನ್ನು ಬಿಟ್ಟುಬಿಡಿ. ಈ ಒಂದು ಕೆಲಸ ಮಾಡದೆ ಉಳಿದದ್ದೆಲ್ಲ ಮಾಡಿದರೂ ಪ್ರಯೋಜನ ಇಲ್ಲ. ಇದು 2 ಪಾಲು. ಕೋಕೋಪೀಟ್ ಮತ್ತು ಜರಡಿ ಹಿಡಿದ ಗೊಬ್ಬರ ಸೇರಿ 1 ಪಾಲು. ಅಳತೆ ತೂಕದಲ್ಲಲ್ಲ, ಡಬ್ಬದಲ್ಲಿ. ಕುಂಡ ತುಂಬಿಸಿ ಮೇಲಿಂದ ನೀರು ಹೊಯ್ಯಿರಿ: ಮೇಲೆ ನಿಲ್ಲದೆ ಹತ್ತು ಸೆಕೆಂಡಿನೊಳಗೆ ತಳದ ತೂತಿನಿಂದ ಬರಬೇಕು.

ನೀರು: ತೂತಿನಿಂದ ಹರಿಯುವ ತನಕ ಹೊಯ್ಯಿರಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಹೊಯ್ಯಿರಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಆಮೇಲೆ ಕುಂಡದ ತಳದವರೆಗೆ ಒಣಗುವ ತನಕ ಮುಟ್ಟಬೇಡಿ. ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಎಂಬ ಪಟ್ಟಿ ಬೇಡ. ಅಡುಗೆಮನೆಯ ತಕ್ಕಡಿ ಇದ್ದರೆ ಕುಂಡವನ್ನು ನೆನೆದಾಗ ಒಮ್ಮೆ, ಪೂರ್ತಿ ಒಣಗಿದಾಗ ಒಮ್ಮೆ ತೂಗಿ ಎರಡೂ ತೂಕವನ್ನು ಕುಂಡದ ಮೇಲೆ ಬರೆದಿಡಿ. ಒಣ ತೂಕದ ಹತ್ತಿರ ಬಂದಾಗ ನೀರು. ಬೆರಳು ಮೇಲಿನ ಎರಡು ಸೆಂಟಿಮೀಟರ್ ಸಂಗತಿ ಮಾತ್ರ ಹೇಳುತ್ತದೆ.

ಈಗ ಎರಡು ಕುಂಡಕ್ಕೂ ಬೇರೆ ಬೇರೆ ಚಿಕಿತ್ಸೆ.

ಮೋರ್ಗೇನಿಯಾನಮ್: ಬೇರು ಉಳಿಸಲು ಹೋಗಬೇಡಿ. ಗಿಡ ಕಿತ್ತು, ಸ್ಪಿರಿಟ್‌ನಿಂದ ಒರೆಸಿದ ಬ್ಲೇಡಿನಲ್ಲಿ ಕಪ್ಪಾದ ಭಾಗಕ್ಕಿಂತ ಮೇಲೆ ಕತ್ತರಿಸಿ. ಕತ್ತರಿಸಿದ ಮುಖದಲ್ಲಿ ಕಂದು ಚುಕ್ಕೆಯೋ ಉಂಗುರವೋ ಕಂಡರೆ ಬ್ಲೇಡ್ ಮತ್ತೆ ಒರೆಸಿ, ಇನ್ನೂ ಒಂದು ಸೆಂಟಿಮೀಟರ್ ಮೇಲೆ. ಮುಖ ಪೂರ್ತಿ ಶುಭ್ರವಾಗುವವರೆಗೆ ಇದೇ ಕೆಲಸ. 6–8 ಸೆಂ.ಮೀ. ಕಡ್ಡಿಗಳನ್ನಾಗಿ ಮಾಡಿ, ಕೆಳಗಿನ 2–3 ಸೆಂ.ಮೀ. ಎಲೆ ಬಿಡಿಸಿ, ನೆರಳಲ್ಲಿ ನಾಲ್ಕೈದು ದಿನ ಬಿಡಿ. ತುದಿ ಒಣಗಿ ಪೊರೆ ಕಟ್ಟಿದ ಮೇಲೆ ಒಣ ಮಿಶ್ರಣದಲ್ಲಿ ನೆಟ್ಟು, ಇನ್ನೂ ಐದಾರು ದಿನ ಕಳೆದು ಮೊದಲ ನೀರು. ಹಳೆಯ ಮಿಶ್ರಣ ಮತ್ತೆ ಬಳಸಬೇಡಿ, ಕೊಳೆಸುವ ಶಿಲೀಂಧ್ರ ಅದರಲ್ಲೇ ಇರುತ್ತದೆ.

ಆಲ್ಬಮ್: ತಟ್ಟೆಯನ್ನು ಅರ್ಧ ಗಂಟೆ ನೀರಿನಲ್ಲಿ ಇಟ್ಟು ತಳದಿಂದ ಹೀರಿಸಿ. ಪೂರ್ತಿ ಒಣಗಿದ ಗೊಬ್ಬರ ಮೇಲಿಂದ ಸುರಿದ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅಂಚಿನಿಂದ ಜಾರಿಸಿಬಿಡುತ್ತದೆ. ಎರಡು ಮೂರು ದಿನದಲ್ಲಿ ಎಲೆ ಉಬ್ಬಿದರೆ ಬೇರು ಜೀವಂತ, ನಿಧಾನವಾಗಿ ಮಿಶ್ರಣ ಬದಲಿಸಿ. ಒಂದು ವಾರವಾದರೂ ಸುಕ್ಕು ಹಾಗೆಯೇ ಇದ್ದರೆ ಬೇರು ಸತ್ತಿದೆ; ಇನ್ನಷ್ಟು ನೀರು ಹಾಕಿದರೆ ಕೊಳೆಯುತ್ತದೆ, ತುದಿಗಳನ್ನು ಕತ್ತರಿಸಿ ಹೊಸದಾಗಿ ನೆಡಿ.

---

ಕಲ್ಲುಸಂದು:

ಮೇಲಿನದ್ದು ಸರಿ, ಆದರೆ ಪ್ರಶ್ನೆಯ ಬುಡದಲ್ಲೇ ಒಂದು ಗಂಟಿದೆ. ಈ ಎರಡು ಸೀಡಮ್ ಮರುಭೂಮಿಯವೇ ಅಲ್ಲ.

ಆಲ್ಬಮ್ ಯುರೋಪಿನಲ್ಲಿ ಬಂಡೆ, ಹಳೆಯ ಗೋಡೆ, ಜಲ್ಲಿನೆಲದ ಮೇಲೆ ತಾನಾಗಿ ಹರಡುವ ಗಿಡ. ಮೋರ್ಗೇನಿಯಾನಮ್ ಮೆಕ್ಸಿಕೋದ್ದು, ಕಡಿದಾದ ಬಂಡೆಗಳಿಂದ ಜೋತುಬೀಳುವುದು. ಎರಡೂ ಕಡೆ ಮಳೆಗೆ ಬರ ಇಲ್ಲ. ಕಲ್ಲಿನ ಮೇಲೆ ಮಣ್ಣು ನಾಲ್ಕು ಬೆರಳಿಗಿಂತ ಕಮ್ಮಿ, ಬಿದ್ದ ನೀರು ನಿಲ್ಲುವುದಿಲ್ಲ, ಅಷ್ಟೇ. ಅಂದರೆ ಗಿಡಕ್ಕೆ ಅಭ್ಯಾಸ ಇರುವುದು ಆಗಾಗ ತೊಪ್ಪೆಯಾಗಿ ನೆನೆದು ಬೇಗ ಒಣಗುವುದು. ಅದಕ್ಕೇ ಮೋರ್ಗೇನಿಯಾನಮ್‌ಗೆ ಚುರುಕು ಬಿಸಿಲಿಗಿಂತ ಬೆಳಕಿನ ನೆರಳು, ಬೆಳಗಿನ ಬಿಸಿಲು ಒಗ್ಗುತ್ತದೆ, ಹಿಮ ತಡೆಯುವುದಿಲ್ಲ; 5 ಡಿಗ್ರಿಗಿಂತ ಕೆಳಗೆ ಹೋಗುವ ಕಡೆ ಒಳಗಿಡಬೇಕು. ಆಲ್ಬಮ್‌ ಪೂರ್ತಿ ಬಿಸಿಲಲ್ಲೂ, ಹಿಮದಡಿಯಲ್ಲೂ ಇರುತ್ತದೆ. ಒಂದೇ ಹೆಸರಿನ ಕೆಳಗೆ ನಾನೂರಕ್ಕೂ ಹೆಚ್ಚು ಜಾತಿಗಳಿರುವಾಗ ‘ಸೀಡಮ್‌ಗೆ ಹೀಗೆ ಮಾಡಿ’ ಎಂಬ ಸಲಹೆಗೆ ಅರ್ಥ ಕಮ್ಮಿ. ಜಾತಿ ಹೇಳಿದ್ದು ಒಳ್ಳೆಯದಾಯಿತು.

ನಿಜವಾದ ಮರುಭೂಮಿ ಗಿಡಗಳ ವಿಷಯಕ್ಕೆ ಬಂದರೆ, ವರ್ಷಕ್ಕೆ 250 ಮಿ.ಮೀ.ಗಿಂತ ಕಮ್ಮಿ ಮಳೆಯ ಕಡೆ ಬದುಕಲು ಒಂದೇ ದಾರಿ ಇಲ್ಲ.

ತಪ್ಪಿಸಿಕೊಳ್ಳುವವು: ಏಕವಾರ್ಷಿಕ ಹೂಗಿಡಗಳು. ಬೀಜವಾಗಿ ವರ್ಷಗಟ್ಟಲೆ ಕಾದು, ಸಾಕಷ್ಟು ಮಳೆ ಬಿದ್ದಾಗ ಮಾತ್ರ ಮೊಳೆತು, ಕೆಲವೇ ವಾರಗಳಲ್ಲಿ ಹೂ, ಬೀಜ, ಸಾವು. ಬರಗಾಲವನ್ನು ಇವು ನೋಡುವುದೇ ಇಲ್ಲ.

ಹುಡುಕುವವು: ಬಳ್ಳಾರಿ ಜಾಲಿಯ ದಾಯಾದಿ ಮೆಸ್ಕೀಟ್. ಅದರ ಬೇರು 50 ಮೀಟರಿಗೂ ಹೆಚ್ಚು ಆಳದಲ್ಲಿ ಸಿಕ್ಕ ದಾಖಲೆ ಇದೆ. ಇದನ್ನು ಬರ ತಡೆಯುವ ಗಿಡ ಅನ್ನುವುದೇ ಕಷ್ಟ, ಅದರ ಬುಡಕ್ಕೆ ನೀರು ಸದಾ ಸಿಗುತ್ತಿರುತ್ತದೆ.

ಸಹಿಸುವವು: ಕ್ರಿಯೋಸೋಟ್ ಪೊದೆ. ಪುಟ್ಟ ಎಲೆ, ಮೇಲೆ ಅಂಟಿನ ಲೇಪ. ಬೇರೆ ಗಿಡಗಳ ಜೀವಕೋಶ ಸಾಯುವಷ್ಟು ಒಣಗಿದರೂ ಇದರ ಎಲೆ ಕೆಲಸ ಮಾಡುತ್ತಿರುತ್ತದೆ.

ಕೂಡಿಡುವವು: ಪಾಪಾಸುಕಳ್ಳಿ, ಕತ್ತಾಳೆ, ಬೆಣಚುಕಲ್ಲಿನಂತೆ ಕಾಣುವ ಪುಟ್ಟ ಗಿಡ ಲಿಥೋಪ್ಸ್. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಅಮೆರಿಕ–ಮೆಕ್ಸಿಕೋ ಗಡಿಯ ಸೊನೊರಾ ಮರುಭೂಮಿಯ ಸಗ್ವಾರೊ ಕಳ್ಳಿ 12 ಮೀಟರಿಗೂ ಎತ್ತರ ಬೆಳೆಯುತ್ತದೆ, ಆದರೆ ಒಂದು ತಾಯಿಬೇರನ್ನು ಬಿಟ್ಟರೆ ಹೆಚ್ಚಿನ ಬೇರುಗಳು ನೆಲದಿಂದ 10–15 ಸೆಂ.ಮೀ. ಒಳಗೇ, ಗಿಡ ಎಷ್ಟು ಎತ್ತರವೋ ಅಷ್ಟು ದೂರ ಅಗಲಕ್ಕೆ ಹರಡಿರುತ್ತವೆ. ಕಾಂಡದ ಮಡಿಕೆಗಳು ನೀರು ತುಂಬಿದಂತೆ ಬಿಚ್ಚಿಕೊಳ್ಳುತ್ತವೆ. ಕತ್ತಾಳೆ, ಕಳ್ಳಿಗಳ ಸಣ್ಣ ಬೇರುಗಳು ಬರದಲ್ಲಿ ಸಾಯುತ್ತವೆ. ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಹೊಸ ಮಳೆಬೇರು ಹೊರಡುತ್ತವೆ. ಸಿಕ್ಕಾಗ ಹೊಟ್ಟೆತುಂಬ ಕುಡಿದು ಆಮೇಲೆ ಬಾಗಿಲು ಮುಚ್ಚಿಕೊಳ್ಳುವ ಜಾಯಮಾನ.

ಈಗ ಕುಂಡ ನೋಡಿ. ನೀರು ಚಮಚದಲ್ಲಿ, ಪದೇ ಪದೇ. ಬೇರಿನ ಸುತ್ತ ಗಾಳಿ ಇಲ್ಲ. ರಾತ್ರಿ ತಂಪಿಲ್ಲ. ಮರುಭೂಮಿಯಲ್ಲಿ ಇರುವುದರ ತಲೆಕೆಳಗು. ಕುಂಡದಲ್ಲಿ ಗಿಡ ಸಾಯುವುದು ಮರುಭೂಮಿಗಿಂತ ಹೆಚ್ಚು ನೀರು ಸಿಕ್ಕಿತೆಂದಲ್ಲ, ಸಿಕ್ಕ ನೀರು ಹೋಗಲಿಲ್ಲವೆಂದು.

ಲಿಥೋಪ್ಸ್ ಒಂದಕ್ಕೆ ಮಾತ್ರ ಬೇರೆ ಕಟ್ಟುಪಾಡು: ಹೂ ಮುಗಿದು, ಹಳೆಯ ಎಲೆಜೋಡಿಯೊಳಗಿಂದ ಹೊಸ ಜೋಡಿ ಹೊರಬರುವ ಕಾಲದಲ್ಲಿ ಹನಿ ನೀರೂ ಬೇಡ. ಹೊಸ ಜೋಡಿ ಹಳೆಯದರ ನೀರನ್ನೇ ಹೀರಿಕೊಂಡು ಬೆಳೆಯುತ್ತದೆ. ನೀರು ಹಾಕಿದರೆ ಹಳೆಯದು ಒಣಗದೆ ಉಳಿದು ಎರಡು ಜೋಡಿ ಒಂದರ ಮೇಲೊಂದು ಕೂರುತ್ತವೆ, ಕೊನೆಗೆ ಎಲ್ಲ ಕೊಳೆಯುತ್ತವೆ.

---

ಇರುಳುಸಿರು:

ರಾತ್ರಿ ತಂಪಿಲ್ಲ ಎಂದು ಕಲ್ಲುಸಂದು ಅವರು ಒಂದು ಮಾತಿನಲ್ಲಿ ದಾಟಿಬಿಟ್ಟರು. ಸೆಖೆಯ ಕಡೆ ಗಿಡ ಕೊಳೆಯಲು ಅದು ದೊಡ್ಡ ಕಾರಣ.

ಸಾಮಾನ್ಯ ಗಿಡ ಹಗಲು ಪತ್ರರಂಧ್ರ, ಅಂದರೆ ಎಲೆಯ ಮೇಲಿನ ಸೂಕ್ಷ್ಮ ತೂತು, ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತದೆ, ಅದೇ ಬಾಗಿಲಿನಿಂದ ನೀರೂ ಹೋಗುತ್ತದೆ. 1 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸುಮಾರು 400–500 ಗ್ರಾಂ ನೀರು ಖರ್ಚು. ಕಳ್ಳಿ, ಕತ್ತಾಳೆಯಂಥವು ಹಗಲು ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ರಾತ್ರಿ ತೆಗೆದುಕೊಂಡದ್ದನ್ನು ಮ್ಯಾಲಿಕ್ ಆಮ್ಲವಾಗಿ ಕೋಶದ ರಸದಾನಿಯಲ್ಲಿ ಇಟ್ಟು, ಬೆಳಕು ಬಂದ ಮೇಲೆ ಅದನ್ನು ಒಡೆದು ಸಕ್ಕರೆ ಮಾಡುತ್ತವೆ. ಖರ್ಚು 50–100 ಗ್ರಾಂ. ಸೀಡಮ್ ಸೇರಿರುವ ಕ್ರಾಸುಲೇಸಿ ಕುಟುಂಬದ ಹೆಸರಿನಿಂದಲೇ ಇದಕ್ಕೆ ಕ್ರಾಸುಲೇಸಿಯನ್ ಆಸಿಡ್ ಮೆಟಬಾಲಿಸಂ, ಚಿಕ್ಕದಾಗಿ ಕ್ಯಾಮ್, ಎನ್ನುತ್ತಾರೆ. ಕಾಡುಬಸಳೆಯ ಎಲೆ ಮುಂಜಾನೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂದು ಸಸ್ಯವಿಜ್ಞಾನಿ ಬೆಂಜಮಿನ್ ಹೇಯ್ನ್ 1813ರಲ್ಲೇ ಲಂಡನ್ನಿನ ಲಿನೇಯನ್ ಸೊಸೈಟಿಗೆ ಕಾಗದ ಬರೆದಿದ್ದರು. ನಾಲಿಗೆಯ ಮೇಲೆ ಗೊತ್ತಾಗುವಷ್ಟು ದೊಡ್ಡ ವ್ಯತ್ಯಾಸ ಅದು.

ಆಲ್ಬಮ್ ಎರಡೂ ಕಡೆ ಓಡಾಡುವ ಗಿಡ. ನೀರಿದ್ದಾಗ ಸಾಮಾನ್ಯ ಗಿಡದಂತೆ ಹಗಲು ಉಸಿರಾಡಿ ಬೇಗ ಬೆಳೆಯುತ್ತದೆ, ನೀರು ಕಮ್ಮಿಯಾದರೆ ಕ್ಯಾಮ್‌ಗೆ ಹೊರಳುತ್ತದೆ. ಆ ಸ್ಥಿತಿಯಲ್ಲಿ ವಾರಗಟ್ಟಲೆ ಸಾಯದೆ ಇರಬಲ್ಲದು, ಬೆಳವಣಿಗೆ ಮಾತ್ರ ನಿಂತಂತೆ. ಪ್ರಶ್ನೆಯಲ್ಲಿರುವ ‘ಹೊಸ ಚಿಗುರೇ ಇಲ್ಲ’ ಎಂಬುದರ ಅರ್ಥ ಇದು. 0.6 ಮಿ.ಮೀ. ನೀರಿನಲ್ಲಿ ಗಿಡ ಬದುಕನ್ನು ಹಿಡಿದಿಟ್ಟುಕೊಂಡಿದೆ.

ರಾತ್ರಿ ತೆರೆಯುವ ವ್ಯವಸ್ಥೆಗೆ ತಂಪು ರಾತ್ರಿ ಬೇಕು. ರಾತ್ರಿಯೂ 25–28 ಡಿಗ್ರಿ ಇದ್ದರೆ ರಂಧ್ರ ಚೆನ್ನಾಗಿ ತೆರೆಯುವುದಿಲ್ಲ, ಉಸಿರಾಟದಲ್ಲಿ ಸಕ್ಕರೆ ಹೆಚ್ಚು ಕರಗುತ್ತದೆ, ಬೇರು ನೀರೆಳೆಯುವುದು ಕಮ್ಮಿ. ಆಗ ಮಿಶ್ರಣ ಒಣಗುವುದಿಲ್ಲ, ಶಿಲೀಂಧ್ರಕ್ಕೆ ಮಾತ್ರ ಹಬ್ಬ. ಆದ್ದರಿಂದ ಸೆಖೆಯ ವಾರಗಳಲ್ಲಿ ನೀರಿನ ಪ್ರಮಾಣ ಕಡಿಮೆ ಮಾಡಬೇಡಿ, ಅಂತರ ಹೆಚ್ಚಿಸಿ: ಒಣ ತೂಕ ಮುಟ್ಟಿದ ಮೇಲೂ ಮೂರು ನಾಲ್ಕು ದಿನ ತಡೆದು, ಸಂಜೆ ತಂಪಾದ ಮೇಲೆ ಹಾಕಿ. ಗೊಬ್ಬರ ಆ ಕಾಲದಲ್ಲಿ ಬೇಡವೇ ಬೇಡ. ಕುಂಡಗಳ ನಡುವೆ ಕೈ ಆಡುವಷ್ಟು ಜಾಗ ಬಿಟ್ಟು ಗಾಳಿಯಾಡಲಿ. ಕಪ್ಪು ಪ್ಲಾಸ್ಟಿಕ್ ಕುಂಡ ನೇರ ಬಿಸಿಲಲ್ಲಿದ್ದರೆ ಬಿಸಿಲು ಬೀಳುವ ಬದಿಯ ಬೇರು ಬೇಯುತ್ತದೆ. ಬಿಳಿ ಕುಂಡದೊಳಗೆ ಇಳಿಸಿಡಿ.

---

ತಟ್ಟೆಕುಂಡ:

ಬೇರುಗಣ್ಣು ಅವರ 2:1 ಆಲ್ಬಮ್‌ಗೆ ನನಗೆ ಒಪ್ಪಿಗೆ ಇಲ್ಲ. 7 ಸೆಂ.ಮೀ. ಆಳ, ಮಣ್ಣಿನ ಕುಂಡ, ಪೂರ್ತಿ ಬಿಸಿಲು, ಗಾಳಿ ಒಣ ಇದ್ದರೆ ಆ ಮಿಶ್ರಣ ಒಂದೇ ದಿನದಲ್ಲಿ ಒಣಗುತ್ತದೆ. ಅಲ್ಲಿ 1:1 ಹಾಕಿದರೂ ಗಾಳಿಗೆ ಕೊರತೆ ಇಲ್ಲ. ಮಿಶ್ರಣ ಗಿಡಕ್ಕೆ ಮಾತ್ರವಲ್ಲ, ಕುಂಡಕ್ಕೂ ಜಾಗಕ್ಕೂ ಹೊಂದಬೇಕು. ತಾರಸಿಯ ಹಸಿರು ಹೊದಿಕೆಗಳಿಗೆ ಆಲ್ಬಮ್, ಸೀಡಮ್ ಎಕ್ರೆ ಮೊದಲಾದವನ್ನು 6–12 ಸೆಂ.ಮೀ. ಪದರದಲ್ಲೇ ಬೆಳೆಸುತ್ತಾರೆ, ಆದರೆ ಬಹುಪಾಲು ಖನಿಜ ಚೂರು. ಅಲ್ಲಿ ಮಳೆ ತಾನಾಗಿ ಬರುತ್ತದೆ, ಅತಿನೀರಿನ ಭಯವೇ ದೊಡ್ಡದು. ನಿಮ್ಮಲ್ಲಿ ಕೈಯಿಂದ ಹಾಕುವ ನೀರು, ಭಯ ಇನ್ನೊಂದು ಕಡೆ.

ಗೊಬ್ಬರ: ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ, ಡಬ್ಬದ ಮೇಲೆ ಬರೆದದ್ದರ ಕಾಲು ಭಾಗ. ಸಾರಜನಕ ಜಾಸ್ತಿಯಾದರೆ ಕಾಂಡ ಮೆತ್ತಗಾಗಿ ಗುಂಪು ನಡುವಿನಿಂದ ಬಾಯಿಬಿಡುತ್ತದೆ, ಗಿಡಹೇನು ಮೊದಲು ಬರುವುದೂ ಅಂಥದ್ದಕ್ಕೇ.

---

ಬೇರುಗಣ್ಣು:

ಆಲ್ಬಮ್‌ಗೆ, ಆ ತಟ್ಟೆಗೆ, 1:1 ಆಗಬಹುದು, ಜರಡಿ ಹಿಡಿದಿರಬೇಕು ಅಷ್ಟೇ. ಮೋರ್ಗೇನಿಯಾನಮ್‌ಗೆ ಬೇಡ. ಮನೆಯೊಳಗಿನದ್ದಕ್ಕೆ 3:1 ಮಾಡಿದರೂ ಹೆಚ್ಚಲ್ಲ, ಕುಂಡ 15 ಸೆಂ.ಮೀ. ಆಳ ಇರುವುದು ಲಾಭವೇ.

---

ತೊಟ್ಟೆಲೆ:

ಮೋರ್ಗೇನಿಯಾನಮ್ ಕಿತ್ತಾಯಿತು. ಬೇರಿನ ಸುತ್ತ, ಕುಂಡದ ಒಳಗೋಡೆಗೆ ಬಿಳಿ ಪುಡಿ ಅಂಟಿದೆ. ಒಳ್ಳೆಯ ಶಿಲೀಂಧ್ರವೋ, ಕೀಟವೋ? ಉದುರಿದ ಎಲೆಗಳಿಂದ ಗಿಡ ಮಾಡಬಹುದೇ? ಹೊರಗೆ ಬಿಸಿಲಿಗೆ ಇಡಬಹುದೇ?

---

ತಟ್ಟೆಕುಂಡ:

ಗೋಡೆಗೆ ಮೇಣದಂಥ, ನೀಲಿ ಛಾಯೆಯ ಬಿಳಿ ಪದರ ಇದ್ದರೆ ಬಹುಮಟ್ಟಿಗೆ ಬೇರಿನ ಹಿಟ್ಟುತಿಗಣೆ. ಭೂತಗನ್ನಡಿ ಹಿಡಿದು ನೋಡಿ: 1–2 ಮಿ.ಮೀ. ಉದ್ದದ, ಅಕ್ಕಿಕಾಳಿನ ಆಕಾರದ ಬಿಳಿ ಹುಳು ನಿಧಾನವಾಗಿ ಹರಿದಾಡುತ್ತಿದ್ದರೆ ಅನುಮಾನ ಬೇಡ. ಬೇರನ್ನು ಹೇಗೂ ಎಸೆಯುತ್ತೀರಿ, ಮಿಶ್ರಣವನ್ನೂ ಚೀಲದಲ್ಲಿ ಕಟ್ಟಿ ಎಸೆಯಿರಿ, ಬೇರೆ ಕುಂಡಕ್ಕೆ ಸುರಿಯಬೇಡಿ. ಕುಂಡವನ್ನು ಬಿಸಿನೀರು, ಸಾಬೂನು ಹಾಕಿ ಉಜ್ಜಿ. ಆಲ್ಬಮ್ ಕುಂಡವನ್ನೂ ಮೆಲ್ಲಗೆ ಎತ್ತಿ ತಳ ನೋಡಿ. ತೂತಿನಿಂದ ತೂತಿಗೆ ಹೋಗುವ ಜಾತಿ ಇದು.

ಕಡ್ಡಿಗಳ ಮೇಲೆ ಎಲೆಸಂದಿನಲ್ಲಿ ಹತ್ತಿಯಂಥದ್ದು ಕಂಡರೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಹುಳುವನ್ನು ಮಾತ್ರ ಮುಟ್ಟಿ. ಇಡೀ ಗಿಡಕ್ಕೆ ಸಿಂಪಡಿಸಿದರೆ ಎಲೆಯ ಮೇಲಿನ ಬೂದು ಲೇಪ ಹೋಗುತ್ತದೆ, ಆ ಎಲೆಯಲ್ಲಿ ಅದು ಮತ್ತೆ ಬರುವುದಿಲ್ಲ. ಬಿಸಿಲಿನಿಂದ ಎಲೆಯನ್ನು ಕಾಯುತ್ತಿದ್ದದ್ದೇ ಅದು. ಬೇವಿನೆಣ್ಣೆಯದ್ದೂ ಇದೇ ತಕರಾರು, ಹಚ್ಚಿ ಬಿಸಿಲಿಗಿಟ್ಟರೆ ಸುಟ್ಟ ಕಲೆ.

---

ಕಲ್ಲುಸಂದು:

ಎಲೆ: ಪಾರದರ್ಶಕವಾಗಿ ಉದುರಿದವು ಒಳಗೇ ಕೊಳೆತಿವೆ, ಬಿಡಿ. ಗಟ್ಟಿಯಾಗಿ, ತೊಟ್ಟಿನ ಬುಡ ಹರಿಯದೆ ಬಂದ ಎಲೆಗಳು ಮಾತ್ರ ಆಗುತ್ತವೆ. ಚಿಗುರುವ ಮೊಗ್ಗು ಇರುವುದು ಆ ಬುಡದಲ್ಲಿ. ಎರಡು ದಿನ ಒಣಗಿಸಿ ಮಿಶ್ರಣದ ಮೇಲೆ ಮಲಗಿಸಿ, ಹೂಳಬೇಡಿ. ಬೆಳಕಿರಲಿ, ನೇರ ಬಿಸಿಲು ಬೇಡ. ಎರಡು ಮೂರು ವಾರಕ್ಕೆ ಎಳೆ ಬೇರು ಬರುತ್ತದೆ, ಅಲ್ಲಿಯವರೆಗೆ ನೀರು ಯಾಕೆ ಬೇಕು, ಎಲೆಯಲ್ಲೇ ಇದೆ. ಬೇರು ಕಂಡ ಮೇಲೆ ಮೇಲ್ಪದರ ನೆನೆಯುವಷ್ಟು. ತಾಯಿ ಎಲೆ ತಾನಾಗಿ ಬತ್ತಿ ಬೀಳುವ ತನಕ ಕೀಳಬೇಡಿ. ಬೇರು ಬಂದು ಚಿಗುರು ಬಾರದ ಎಲೆಗಳೂ ಇರುತ್ತವೆ. ಇಪ್ಪತ್ತು ಗಿಡ ಬೇಕಾದರೆ ಮೂವತ್ತು ಎಲೆ ಇಡಿ. ಆಲ್ಬಮ್‌ಗೆ ಇಷ್ಟು ಉಪಚಾರ ಬೇಡ: 2–3 ಸೆಂ.ಮೀ. ತುಂಡುಗಳನ್ನು ಒದ್ದೆ ಮಿಶ್ರಣದ ಮೇಲೆ ಉದುರಿಸಿ ಅಂಗೈಯಿಂದ ಒತ್ತಿದರೆ ಸಾಕು.

ಬಿಸಿಲು: ಬೇರು ಹಿಡಿದ ಮೇಲೆ, ಒಮ್ಮೆಲೇ ಅಲ್ಲ. ಮೊದಲ ನಾಲ್ಕು ದಿನ ಬೆಳಗಿನ ಒಂದು ಗಂಟೆ, ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಗಂಟೆ ಹೆಚ್ಚಿಸುತ್ತ ಎರಡು ವಾರ. ಎಲೆಗಳ ನಡುವೆ ಕಾಂಡ ಕಾಣುವಷ್ಟು ಉದ್ದ ಎಳೆದುಕೊಂಡಿದ್ದರೆ ಬೆಳಕು ಸಾಲದು. ಎಳೆದ ಭಾಗ ಮತ್ತೆ ಒತ್ತಾಗುವುದಿಲ್ಲ, ತುದಿ ಕತ್ತರಿಸಿ ನೆಡಬೇಕು. ಎಲೆತುದಿ ಕೆಂಪಗಾದರೆ ಗಾಬರಿ ಬೇಡ, ಬಿಸಿಲಿಗೆ ಆಂಥೋಸಯನಿನ್ ಬಣ್ಣ ಬಂದದ್ದು. ಬಿಸಿಲು ಬಿದ್ದ ಬದಿಯಲ್ಲಿ ಮಾತ್ರ ಒಣ ಕಂದು ಮಚ್ಚೆ ಮೂಡಿದರೆ ಅದು ಸುಟ್ಟದ್ದು. ಮಚ್ಚೆ ಆ ಎಲೆ ಉದುರುವ ತನಕ ಉಳಿಯುತ್ತದೆ, ಕೀಳುವ ಅಗತ್ಯ ಇಲ್ಲ, ಕುಂಡವನ್ನು ಎರಡಡಿ ನೆರಳಿಗೆ ಸರಿಸಿ.